ಮಕ್ಕಳ ಮುಂದಿನ ದಾರಿ: ಕ್ಯಾಮೆರಾದ ಹಿಂದಿನ ಕಾಯಕ

ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನಗಳು ಸಮೀಪಿಸಿದಂತೆ ಈ ಅಂಕಣಕ್ಕೆ ಬರುವ ಪತ್ರಗಳೂ ಹೆಚ್ಚುತ್ತವೆ. ವಿಜ್ಞಾನವೋ ವಾಣಿಜ್ಯವೋ, ಪಾಲಿಟೆಕ್ನಿಕ್ಕೋ ಐ.ಟಿ.ಐ.ಯೋ ಎಂಬ ಪ್ರಶ್ನೆಗಳಿಗೆ ನಾವು ಹಿಂದಿನ ಸಂಚಿಕೆಗಳಲ್ಲಿ ಯಥಾಮತಿ ಉತ್ತರಿಸಿದ್ದೇವೆ. ಈ ಬಾರಿ ಸುಂಟಿಕೊಪ್ಪದಿಂದ ಬಂದಿರುವ ಪತ್ರ ಬೇರೆ ಬಗೆಯದು. ಅಲ್ಲಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿರುವವರ ಪತ್ನಿ ಬರೆದಿದ್ದಾರೆ. ಮಗ ಒಂಬತ್ತನೆಯ ತರಗತಿ. ಓದಿನಲ್ಲಿ ಮಧ್ಯಮ. ಮೊಬೈಲ್ ಕೈಗೆ ಸಿಕ್ಕರೆ ತೋಟ, ಮಳೆ, ಮನೆಯ ಬೆಕ್ಕು ಎಲ್ಲವನ್ನೂ ಚಿತ್ರೀಕರಿಸಿ ರಾತ್ರಿಯೆಲ್ಲ ಕುಳಿತು ಜೋಡಿಸುತ್ತಾನೆ. "ಸಿನಿಮಾಕ್ಕೇ ಹೋಗುತ್ತೇನೆ" ಎಂದು ಹಟ ಹಿಡಿದಿದ್ದಾನೆ. ತಂದೆ ಮಗನೊಡನೆ ಮಾತು ಬಿಟ್ಟು ತಿಂಗಳಾಯಿತು. ಈ ನಡುವೆ ದೊಡ್ಡ ನಗರದ ಯಾವುದೋ ತರಬೇತಿ ಸಂಸ್ಥೆಯ ಬಣ್ಣದ ಕರಪತ್ರ ಮನೆ ಸೇರಿದೆ. ಅದರಲ್ಲಿ ಕಾಣಿಸಿದ ಶುಲ್ಕ ನಾಲ್ಕು ಲಕ್ಷ ರೂಪಾಯಿ. "ನನ್ನ ಬಳೆಗಳನ್ನು ಅಡವಿಡಲೇ?" ಎಂಬುದು ಆ ತಾಯಿಯ ಪ್ರಶ್ನೆ.

ಬೇಡ ತಾಯಿ, ಬಳೆ ಕೈಯಲ್ಲೇ ಇರಲಿ. ಮಗನ ಆಸೆಯನ್ನು ಚಿವುಟುವುದೂ ಬೇಡ. ಈ ಎರಡು ಮಾತುಗಳಿಗೂ ಕಾರಣ ಕೊಡುವುದು ನಮ್ಮ ಕರ್ತವ್ಯ.

ನಮ್ಮ ಮನೆಗಳಲ್ಲಿ 'ಸಿನಿಮಾ' ಎಂದೊಡನೆ ಕಣ್ಣ ಮುಂದೆ ಬರುವುದು ತೆರೆಯ ಮೇಲೆ ಕಾಣುವ ಮುಖ. ಕೊಡಗಿನ ಮಕ್ಕಳಿಗಂತೂ ಇದು ಸಹಜವೇ. ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಅವರು 2016ರ 'ಕಿರಿಕ್ ಪಾರ್ಟಿ'ಯಿಂದ ಆರಂಭಿಸಿ ದೇಶವೇ ಗುರುತಿಸುವ ನಟಿಯಾದುದನ್ನು ಅವರು ಕಂಡಿದ್ದಾರೆ. ಪುಟ್ಟಣ್ಣ ಕಣಗಾಲರ 'ಶರಪಂಜರ' (1971)ದಿಂದ ಹಿಡಿದು 'ಮುಂಗಾರು ಮಳೆ' (2006), 'ಗಾಳಿಪಟ' (2008)ಗಳವರೆಗೆ ಈ ಜಿಲ್ಲೆಯ ಮಳೆ, ಮಂಜು, ಬೆಟ್ಟಗಳು ಕನ್ನಡ ಚಿತ್ರಗಳಿಗೆ ಒದಗಿಬಂದಿವೆ. 'ಗಾಳಿಪಟ'ದ ಅನಂತರ ಮಾಂದಲಪಟ್ಟಿಗೆ ಹೋಗುವ ಜೀಪುಗಳ ಸಾಲು ಬೆಳೆದದ್ದನ್ನು ಕೊಡಗಿನವರಿಗೆ ನಾವು ಹೇಳಬೇಕಾಗಿಲ್ಲ. ಆದರೆ ಚಿತ್ರ ಮುಗಿದ ಮೇಲೆ ತೆರೆಯ ಮೇಲೆ ಸಾಲುಸಾಲಾಗಿ ಏರಿಹೋಗುವ ನೂರಾರು ಹೆಸರುಗಳನ್ನು ಓದುವವರು ಯಾರು? ಆ ವೇಳೆಗೆ ನಾವೆಲ್ಲ ಚಪ್ಪಲಿ ಹುಡುಕುತ್ತಿರುತ್ತೇವೆ. ಛಾಯಾಗ್ರಾಹಕ, ಧ್ವನಿಗ್ರಾಹಕ, ಸಂಕಲನಕಾರ, ಕಲಾ ನಿರ್ದೇಶಕ, ವಸ್ತ್ರವಿನ್ಯಾಸ ಮಾಡುವವರು, ಬಣ್ಣ ಹದಗೊಳಿಸುವವರು, ದೃಶ್ಯದ ಮುಂದುವರಿಕೆ ತಪ್ಪದಂತೆ ಬರೆದಿಡುವವರು, ದೀಪ ಹಿಡಿಯುವವರು: ನಿಜವಾದ ಉದ್ಯೋಗಗಳು ಆ ಪಟ್ಟಿಯಲ್ಲಿವೆ. ನಟನಾಗುವುದು ಬಹುಮಟ್ಟಿಗೆ ಅದೃಷ್ಟದ ಮಾತು. ಮಿಕ್ಕವು ಬಡಗಿಯ ಕೆಲಸದಂತೆ, ಅಕ್ಕಸಾಲಿಗನ ಕೆಲಸದಂತೆ ಕೈಪಳಗಿಸಿ ಕಲಿಯುವ ಕಸುಬುಗಳು. ಮಗ 'ಸಿನಿಮಾಕ್ಕೆ ಹೋಗುತ್ತೇನೆ' ಎಂದಾಗ 'ಯಾವ ಕೆಲಸಕ್ಕೆ?' ಎಂದು ಮರುಪ್ರಶ್ನೆ ಕೇಳುವುದು ಗದರಿಸುವುದಕ್ಕಿಂತ ಹೆಚ್ಚು ಪ್ರಯೋಜನಕಾರಿ.

ಈ ಕಸುಬನ್ನು ಕಲಿಸುವ ಸರ್ಕಾರಿ ಶಾಲೆಯೊಂದು ನಮ್ಮ ನಾಡಿನಲ್ಲೇ ಸ್ವಾತಂತ್ರ್ಯಕ್ಕೂ ಮೊದಲಿನಿಂದ ಇದೆ ಎಂಬುದು ಎಷ್ಟು ಮಂದಿ ಪೋಷಕರಿಗೆ ಗೊತ್ತು? 1940ರ ದಶಕದಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲೇ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಚಲನಚಿತ್ರ ಛಾಯಾಗ್ರಹಣ ಮತ್ತು ಧ್ವನಿಗ್ರಹಣದ ಶಿಕ್ಷಣ ಆರಂಭವಾಯಿತು. ಪುಣೆಯ ಪ್ರಸಿದ್ಧ ಚಲನಚಿತ್ರ ಸಂಸ್ಥೆ ಹುಟ್ಟಿದ್ದು 1960ರಲ್ಲಿ. ಅದಕ್ಕಿಂತ ಬಹಳ ಮುಂಚಿನ ಮಾತು ಇದು. ಆ ವಿಭಾಗವೇ ಈಗ ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಾಗಿ ನಡೆಯುತ್ತಿದೆ. ಹತ್ತನೆಯ ತರಗತಿ ತೇರ್ಗಡೆಯಾದವರು ಅಲ್ಲಿ ಮೂರು ವರ್ಷಗಳ ಡಿಪ್ಲೊಮಾಕ್ಕೆ ಅರ್ಜಿ ಹಾಕಬಹುದು. ಬೇರೆ ಸರ್ಕಾರಿ ಪಾಲಿಟೆಕ್ನಿಕ್‌ಗಳಂತೆ ಇದೂ ಒಂದು ಪಾಲಿಟೆಕ್ನಿಕ್ಕೇ. ಖಾಸಗಿ ಸಂಸ್ಥೆಗಳ ಲಕ್ಷಗಳ ಲೆಕ್ಕ ಇಲ್ಲಿಗೆ ಅನ್ವಯಿಸುವುದಿಲ್ಲ.

ಅಲ್ಲಿ ಕಲಿತವರ ಪೈಕಿ ಒಬ್ಬರ ಕಥೆಯನ್ನು ಮಕ್ಕಳಿಗೆ ಅಗತ್ಯವಾಗಿ ಹೇಳಬೇಕು. ವಿ.ಕೆ. ಮೂರ್ತಿ ಅವರು 1923ರಲ್ಲಿ ಮೈಸೂರಿನಲ್ಲಿ ಜನಿಸಿದರು. 1946ರಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದು ಮುಂಬಯಿಗೆ ತೆರಳಿ ಕೆಲವು ವರ್ಷ ಸಹಾಯಕರಾಗಿಯೇ ದುಡಿದರು. ನಿರ್ದೇಶಕ ಗುರುದತ್ ಅವರು ತಮ್ಮ 'ಜಾಲ್' (1952) ಚಿತ್ರವನ್ನು ಇವರ ಕೈಗೆ ಒಪ್ಪಿಸಿದ ಮೇಲೆ ಆ ಜೋಡಿಯಿಂದ 'ಪ್ಯಾಸಾ' (1957), 'ಕಾಗಜ್ ಕೆ ಫೂಲ್' (1959), 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಮುಂತಾದ ಚಿತ್ರಗಳು ಬಂದವು. 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಖಾಲಿ ಸ್ಟುಡಿಯೊದ ಕತ್ತಲನ್ನು ಸೀಳಿಕೊಂಡು ಮೇಲಿನಿಂದ ಬೆಳಕಿನ ಕೋಲೊಂದು ಇಳಿದುಬರುವ ಹಾಡಿನ ದೃಶ್ಯವಿದೆ. ದೀಪದ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ. ಸೂರ್ಯನ ಬೆಳಕು ಸಮಾಂತರವಾಗಿ ಬರುತ್ತದೆ. ಮೂರ್ತಿಯವರು ದೊಡ್ಡ ಕನ್ನಡಿಯೊಂದನ್ನು ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿ, ಅದರಿಂದ ಪ್ರತಿಫಲಿಸಿದ ಬಿಸಿಲನ್ನು ಒಳಗೆ ಎತ್ತರದಲ್ಲಿಟ್ಟ ಮತ್ತೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಕ್ಕೆ ಇಳಿಸಿದರು. ಎಂಟನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿರುವ ಪ್ರತಿಫಲನದ ಪಾಠವಲ್ಲವೇ ಇದು! 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. 2014ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. 'ಅರ್ಧಸತ್ಯ', 'ತಮಸ್'ಗಳ ನಿರ್ದೇಶಕ ಗೋವಿಂದ ನಿಹಲಾನಿ ಸಹ ಇದೇ ಸಂಸ್ಥೆಯಲ್ಲಿ 1962ರಲ್ಲಿ ಛಾಯಾಗ್ರಹಣ ಮುಗಿಸಿ, ಮೊದಲು ಮೂರ್ತಿಯವರ ಕೈಕೆಳಗೆ ಸಹಾಯಕರಾಗಿದ್ದವರು.

ಹತ್ತನೆಯ ತರಗತಿ ಮುಗಿದೊಡನೆ ಈ ದಾರಿ ಹಿಡಿಯಲೇಬೇಕೆಂದು ನಾವು ಹೇಳುತ್ತಿಲ್ಲ. ನಿಜ ಹೇಳಬೇಕೆಂದರೆ, ಮನೆಯ ಆರ್ಥಿಕ ಸ್ಥಿತಿ ಸಾಧಾರಣವಾಗಿದ್ದಲ್ಲಿ ಬೇರೊಂದು ಪದವಿಯನ್ನು ಕೈಯಲ್ಲಿಟ್ಟುಕೊಂಡು ಅನಂತರ ಹೋಗುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಪುಣೆಯ ಸಂಸ್ಥೆಗೂ, 1995ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಸತ್ಯಜಿತ್ ರಾಯ್ ಸಂಸ್ಥೆಗೂ ಪ್ರವೇಶ ಪರೀಕ್ಷೆಯ ಮೂಲಕ ಹೋಗಬೇಕು. ಅಲ್ಲಿನ ಮುಖ್ಯ ಶಿಕ್ಷಣಗಳಿಗೆ ಪದವಿ ಅಗತ್ಯ. ಆ ಪದವಿ ಯಾವುದಾದರೂ ಆಗಬಹುದು. ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಓದಿದ್ದು ಔಷಧ ವಿಜ್ಞಾನ. ಅದಾದ ಮೇಲೆ ಪುಣೆಗೆ ಹೋದರು. 1977ರ 'ಘಟಶ್ರಾದ್ಧ' ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ರಸೂಲ್ ಪೂಕುಟ್ಟಿಯವರು ಕೇರಳದ ಕೊಲ್ಲಂ ಜಿಲ್ಲೆಯ ಹಳ್ಳಿಯೊಂದರಲ್ಲಿ ವಿದ್ಯುತ್ತಿಲ್ಲದ ಮನೆಯಲ್ಲಿ ಬೆಳೆದು, ಭೌತಶಾಸ್ತ್ರ ಓದಿ, ಪುಣೆಯಲ್ಲಿ ಧ್ವನಿಗ್ರಹಣ ಕಲಿತವರು. 2009ರಲ್ಲಿ ಅವರಿಗೆ ಆಸ್ಕರ್ ದೊರೆತದ್ದು ಧ್ವನಿ ಮಿಶ್ರಣಕ್ಕಾಗಿ.

ಈಚಿನ ಉದಾಹರಣೆಯೊಂದು ನಮಗೆ ಬಹಳ ಪ್ರಿಯವಾದುದು. ಚಿದಾನಂದ ಎಸ್. ನಾಯ್ಕ್ ಅವರು ವೈದ್ಯಕೀಯ ಪದವೀಧರರು. ಪುಣೆಯ ಸಂಸ್ಥೆಯ ಒಂದು ವರ್ಷದ ದೂರದರ್ಶನ ಶಿಕ್ಷಣಕ್ಕೆ ಸೇರಿ, ವರ್ಷಾಂತ್ಯದ ಅಭ್ಯಾಸವಾಗಿ ಹದಿನಾರು ನಿಮಿಷಗಳ ಕನ್ನಡ ಕಿರುಚಿತ್ರವೊಂದನ್ನು ನಾಲ್ಕೇ ರಾತ್ರಿಗಳಲ್ಲಿ ಚಿತ್ರೀಕರಿಸಿದರು. ಹಳ್ಳಿಯ ಹುಂಜವನ್ನು ಮುದುಕಿಯೊಬ್ಬಳು ಕದ್ದೊಯ್ದುದರಿಂದ ಬೆಳಗೇ ಆಗದೆ ಊರು ಕತ್ತಲಲ್ಲಿ ಮುಳುಗುವ ಜನಪದ ಕಥೆ ಅದರ ವಸ್ತು. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಅದಕ್ಕೆ ಪ್ರಥಮ ಬಹುಮಾನ ಬಂತು. ನಮ್ಮ ಅಜ್ಜಿಯರು ಒಲೆಯ ಮುಂದೆ ಹೇಳುತ್ತಿದ್ದ ಕಥೆ ಅಷ್ಟು ದೂರ ಹೋಯಿತು. ನಿರ್ದೇಶಕರ ಹೆಸರು ಪತ್ರಿಕೆಗಳಲ್ಲಿ ಬಂದಿತಾದರೂ ಕ್ಯಾಮೆರಾ, ಧ್ವನಿ, ಸಂಕಲನ ಮಾಡಿದ ಸಹಪಾಠಿಗಳಿಲ್ಲದೆ ಆ ಹದಿನಾರು ನಿಮಿಷಗಳು ಹುಟ್ಟುತ್ತಿರಲಿಲ್ಲ.

ಶಾಲೆಗೇ ಹೋಗದೆ ಕಲಿತವರೂ ಉಂಟು. 2022ರ 'ಕೆ.ಜಿ.ಎಫ್. ಚಾಪ್ಟರ್ 2' ಚಿತ್ರವನ್ನು ಸಂಕಲಿಸಿದ ಉಜ್ವಲ್ ಕುಲಕರ್ಣಿಯವರಿಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ಅಭಿಮಾನಿಯಾಗಿ ತಾವೇ ಜೋಡಿಸಿದ ತುಣುಕುಗಳನ್ನು ನೋಡಿ ನಿರ್ದೇಶಕರು ಕರೆಸಿಕೊಂಡರು. ಸುಂಟಿಕೊಪ್ಪದ ಹುಡುಗ ಈ ಹೆಸರನ್ನು ಖಂಡಿತ ಬಲ್ಲ, ತಂದೆಯ ಮುಂದೆ ವಾದಕ್ಕೂ ಬಳಸಿರಬಹುದು. ಆದರೆ ಸಾವಿರಕ್ಕೊಬ್ಬರಿಗೆ ಒದಗುವ ಯೋಗವನ್ನು ಎಲ್ಲರ ದಾರಿಯೆಂದು ಭಾವಿಸಲಾಗದು. ಅವನ ವಾದದಲ್ಲಿ ಸತ್ಯಾಂಶ ಇರುವುದು ಒಂದೇ ಕಡೆ: ಈ ಕ್ಷೇತ್ರದಲ್ಲಿ ಪ್ರಮಾಣಪತ್ರಕ್ಕಿಂತ ಮೊದಲು ಕೇಳುವುದು 'ಏನು ಮಾಡಿದ್ದೀ, ತೋರಿಸು' ಎಂದು.

ಡಿಜಿಟಲ್ ಮಾಧ್ಯಮದ ಮಾತಿಗೆ ಬರೋಣ. ಮಕ್ಕಳಿಗೆ ಇದೆಂದರೆ ರೀಲ್ಸ್, ಯೂಟ್ಯೂಬ್, ನೋಡಿದವರ ಸಂಖ್ಯೆ. ಆ ಸಂಖ್ಯೆಯಿಂದ ಬರುವ ಹಣ ಇಂದು ಬಂದದ್ದು ನಾಳೆ ಬಾರದು. ಸ್ಥಿರವಾದ ಕೆಲಸಗಳು ಬೇರೆ ಇವೆ. ಪತ್ರಿಕೆಗಳ, ವಾಹಿನಿಗಳ ಜಾಲತಾಣಗಳಿಗೆ ವರದಿ ಮತ್ತು ದೃಶ್ಯ ಸಿದ್ಧಪಡಿಸುವುದು, ಪಾಠಗಳಿಗೆ ಚಲಿಸುವ ಚಿತ್ರ ರಚಿಸುವುದು, ಅನಿಮೇಷನ್, ಆಟಗಳ ವಿನ್ಯಾಸ, ಧ್ವನಿಪುಸ್ತಕ, ಇನ್ನೊಂದು ಭಾಷೆಗೆ ಅಡಿಬರಹ. ಕರ್ನಾಟಕ ಸರ್ಕಾರ ಅನಿಮೇಷನ್ ಮತ್ತು ದೃಶ್ಯ ಪರಿಣಾಮಗಳ ಉದ್ಯಮಕ್ಕೆಂದು 2012ರಷ್ಟು ಹಿಂದೆಯೇ ಪ್ರತ್ಯೇಕ ನೀತಿ ರೂಪಿಸಿತು. 2024ರಲ್ಲಿ ಮುಂದಿನ ಐದು ವರ್ಷಗಳಿಗೆ ಹೊಸ ನೀತಿ ಬಂದಿದೆ.

ಅಡಿಬರಹದ ಮಾತೆತ್ತಿದ್ದಕ್ಕೆ ಕಾರಣವಿದೆ. ಮಡಿಕೇರಿ ಮತ್ತು ಕುಶಾಲನಗರಗಳ ನಡುವಿನ ಈ ಸಣ್ಣ ಊರಿನಲ್ಲಿ ಕನ್ನಡ, ಕೊಡವ, ಅರೆಭಾಷೆ, ಮಲಯಾಳಂ, ತಮಿಳು, ತುಳು ಎಲ್ಲವೂ ಕಿವಿಗೆ ಬೀಳುತ್ತವೆ. ಅಲ್ಲಿನ ಎಷ್ಟೋ ಮಕ್ಕಳು ಮೂರು ಭಾಷೆಗಳನ್ನು ಆಟವಾಡುತ್ತಲೇ ಕಲಿತಿರುತ್ತಾರೆ. ಅದನ್ನೊಂದು ವಿದ್ಯೆಯೆಂದು ಯಾರೂ ಅವರಿಗೆ ಹೇಳಿರುವುದಿಲ್ಲ. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಮಾಡಲು ಚಿತ್ರರಂಗದ ವಿರೋಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ತೀರ್ಪಿತ್ತ ಮೇಲೆ ಹೊರಭಾಷೆಯ ಚಿತ್ರಗಳು ಕನ್ನಡದಲ್ಲಿ ಮಾತಾಡತೊಡಗಿವೆ. ಮಲಯಾಳಂ ಕೇಳಿ ಒಳ್ಳೆಯ ಕನ್ನಡ ಬರೆಯಬಲ್ಲ ಹುಡುಗಿಗೆ ಇಲ್ಲಿ ಕೆಲಸವಿದೆ. ಕನ್ನಡ ಕಾಗುಣಿತ ತಪ್ಪುವವರಿಗೆ ಇಲ್ಲ. ಶರಣರ ವಚನಗಳನ್ನು ಪದ ಹುಡುಕಿ ಓದುವಂತೆ ಗಣಕದಲ್ಲಿ ಅಣಿಗೊಳಿಸಿದ 'ವಚನ ಸಂಚಯ' ಸಹ ಕನ್ನಡ ಮತ್ತು ಗಣಕ ಎರಡನ್ನೂ ಬಲ್ಲವರು ಕೂಡಿ ಮಾಡಿದ ಕೆಲಸವೇ. ಭಾಷಾ ಪಾಠದ ಅವಧಿಯಲ್ಲಿ ನಿದ್ರಿಸುವ ಮಕ್ಕಳಿಗೆ ಇದನ್ನು ತಿಳಿಸುವುದು ಒಳ್ಳೆಯದು.

ಮಾಧ್ಯಮದ ಹೊಣೆ ಎಷ್ಟೆಂಬುದನ್ನು ಕೊಡಗು 2018ರ ಆಗಸ್ಟ್‌ನಲ್ಲಿ ಕಂಡಿದೆ. ಭೂಕುಸಿತದ ಆ ದಿನಗಳಲ್ಲಿ ಮಡಿಕೇರಿಯ ಇಳಿಜಾರಿನಲ್ಲಿದ್ದ ಎರಡಂತಸ್ತಿನ ಮನೆ ಜಾರಿ ಉರುಳಿದ ದೃಶ್ಯ ದೇಶವನ್ನೆಲ್ಲ ಸುತ್ತಿತು. ಇಂತಹ ದೃಶ್ಯಗಳು ಕೈಯಿಂದ ಕೈಗೆ ಹೋದಂತೆ ಊರಿನ ಹೆಸರೂ ದಿನಾಂಕವೂ ಕಳಚಿಹೋಗುತ್ತವೆ; ಮುಂದಿನ ಮಳೆಗಾಲದಲ್ಲಿ ಬೇರೆಲ್ಲಿಯದೋ ಘಟನೆಯಾಗಿ ಮರಳುತ್ತವೆ. ಎಲ್ಲಿಯದು, ಯಾವಾಗಿನದು, ಯಾರು ತೆಗೆದದ್ದು ಎಂದು ಪರಿಶೀಲಿಸುವುದೂ ಇಂದು ಸಂಬಳ ಕೊಡುವ ವೃತ್ತಿ. ಮಾದಾಪುರ, ಮಕ್ಕಂದೂರುಗಳಲ್ಲಿ ಬಂಧುಗಳಿರುವ ಮಗುವಿಗೆ ಅದರ ಬೆಲೆ ಪುಸ್ತಕ ಓದಿದವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಕಹಿ ಮಾತು. ಚಿತ್ರರಂಗದಲ್ಲಿ ಬಹುಪಾಲು ಕೆಲಸ ದಿನಗೂಲಿಯದು ಅಥವಾ ಒಂದು ಚಿತ್ರಕ್ಕೆ ಇಷ್ಟೆಂದು ಒಪ್ಪಂದದ್ದು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಚಿತ್ರೀಕರಣ ನಿಂತಾಗ ದೀಪ ಹಿಡಿಯುವವರ, ಅಡುಗೆ ಮಾಡುವವರ ಮನೆಗಳಲ್ಲಿ ಒಲೆ ಹೊತ್ತುವುದೇ ಕಷ್ಟವಾಯಿತು. ಅನಿಮೇಷನ್ ಕಚೇರಿಗಳ ತಿಂಗಳ ಸಂಬಳವೂ ಶಾಶ್ವತವಲ್ಲ. 2025ರ ಆರಂಭದಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನಲ್ಲೂ ಸಹಸ್ರಾರು ಕುಶಲಿಗಳು ಒಮ್ಮೆಗೇ ಕೆಲಸ ಕಳೆದುಕೊಂಡರು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಸರಳವಾದ ಚಿತ್ರರಚನೆಯನ್ನು ಕ್ಷಣಾರ್ಧದಲ್ಲಿ ಮಾಡಿಕೊಡುತ್ತಿವೆ. ಒಂದೇ ತಂತ್ರಾಂಶದ ಗುಂಡಿ ಒತ್ತುವುದನ್ನಷ್ಟೇ ಕಲಿಸಿ ಲಕ್ಷಗಟ್ಟಲೆ ಪಡೆಯುವ ಶಿಕ್ಷಣ ಈ ಕಾರಣದಿಂದಲೇ ಅಪಾಯಕರ. ಯಾವುದೇ ಖಾಸಗಿ ಸಂಸ್ಥೆಗೆ ಹಣ ಕಟ್ಟುವ ಮುನ್ನ ಅದಕ್ಕೆ ವಿಶ್ವವಿದ್ಯಾಲಯದ ಅಥವಾ ತಾಂತ್ರಿಕ ಶಿಕ್ಷಣ ಇಲಾಖೆಯ ಮನ್ನಣೆ ಇದೆಯೇ ಎಂದು ಕಾಗದದಲ್ಲಿ ನೋಡಿರಿ. ಹಿಂದಿನ ವರ್ಷ ಕಲಿತು ಹೋದ ಇಬ್ಬರು ವಿದ್ಯಾರ್ಥಿಗಳೊಡನೆ ಮಾತಾಡಿರಿ. ಮಧ್ಯದಲ್ಲಿ ಬಿಟ್ಟರೆ ಹಣ ಹಿಂದಿರುಗುವುದೇ ಎಂದು ಬರೆಯಿಸಿಕೊಳ್ಳಿರಿ. 'ನೂರಕ್ಕೆ ನೂರು ಉದ್ಯೋಗ' ಎಂದು ಕರಪತ್ರದಲ್ಲಿದ್ದರೆ ಅದೊಂದೇ ಹಿಂಜರಿಯಲು ಸಾಕು.

ಹೆಣ್ಣುಮಕ್ಕಳ ವಿಷಯದಲ್ಲಿ ತಾಯ್ತಂದೆಯರ ಅಳುಕು ಸುಮ್ಮನೆ ಹುಟ್ಟಿದ್ದಲ್ಲ. ಮಲಯಾಳಂ ಚಿತ್ರರಂಗದ ಬಗ್ಗೆ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಬಹಿರಂಗವಾದಾಗ ಅಲ್ಲಿನ ಶೋಷಣೆಯನ್ನು ಓದಿ ನಾವೆಲ್ಲ ತಲೆತಗ್ಗಿಸಿದೆವು. ಕನ್ನಡದಲ್ಲೂ ಅಂತಹ ಸಮಿತಿ ಬೇಕೆಂದು ಕಲಾವಿದರೇ ಕೇಳಿದರು. ಹಾಗೆಂದು ಬಾಗಿಲು ಮುಚ್ಚಬೇಕೇ? 'ಫಣಿಯಮ್ಮ' (1983) ಮಾಡಿದ ಪ್ರೇಮಾ ಕಾರಂತ, 'ದೇವೀರಿ' (1999) ಮಾಡಿದ ಕವಿತಾ ಲಂಕೇಶ್ ಇದೇ ನಾಡಿನವರು. ಕೆಲಸದ ಸ್ಥಳದಲ್ಲಿ ಕಿರುಕುಳ ತಡೆಯುವ 2013ರ ಕಾಯಿದೆಯಂತೆ ಹತ್ತು ಮಂದಿಗಿಂತ ಕಡಿಮೆಯಿಲ್ಲದೆ ದುಡಿಯುವ ಕಡೆ ದೂರು ಸಮಿತಿ ಇರಲೇಬೇಕು. ಮಗಳು ಸೇರುವ ಸಂಸ್ಥೆಯಲ್ಲಿ ಆ ಸಮಿತಿ ಇದೆಯೇ ಎಂದು ತಂದೆಯೇ ಹೋಗಿ ಕೇಳಿದರೆ ಯಾರೂ ಬೇಸರಪಡಲಾರರು. ಬೇಸರಪಟ್ಟರೆ ಆ ಕಡೆ ಹೋಗುವುದೇ ಬೇಡ.

ಶಾಲೆಗಳು ಏನು ಮಾಡಬಹುದು? ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದಾಗ ಅಡಕೆ ತೋಟದವರಿಗೆ ಸತ್ಯಜಿತ್ ರಾಯ್, ಕುರೊಸಾವಾ ಏತಕ್ಕೆ ಎಂದು ನಕ್ಕವರಿದ್ದರು. ಚಿತ್ರ ತೋರಿಸಿ, ಮೊದಲೂ ಆಮೇಲೂ ಕನ್ನಡದಲ್ಲಿ ವಿವರಿಸಿ, ಪುಣೆಯಿಂದ ಸತೀಶ್ ಬಹಾದ್ದೂರರಂತಹ ಅಧ್ಯಾಪಕರನ್ನು ಕರೆಸಿ ಚಿತ್ರ ನೋಡುವುದನ್ನೇ ಒಂದು ವಿದ್ಯೆಯಾಗಿ ಅವರು ಕಲಿಸಿದರು. ಅಡಕೆ ತೋಟದಲ್ಲಿ ಆದದ್ದು ಕಾಫಿ ತೋಟದಲ್ಲಿ ಆಗಬಾರದೇಕೆ? ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಶಾಲೆಯ ಪರದೆಯ ಮೇಲೆ ಒಳ್ಳೆಯ ಕಿರುಚಿತ್ರವೊಂದನ್ನು ಎರಡು ಬಾರಿ ತೋರಿಸಬೇಕು. ಎರಡನೆಯ ಬಾರಿ ಧ್ವನಿ ನಿಲ್ಲಿಸಿ. ಏನು ಕಡಿಮೆಯಾಯಿತೆಂದು ಮಕ್ಕಳೇ ಹೇಳುತ್ತಾರೆ.

ಆಮೇಲೆ ಐದು ಮಕ್ಕಳ ಗುಂಪಿಗೆ ಒಂದೇ ಮೊಬೈಲ್ ಕೊಟ್ಟು ಒಬ್ಬರಿಗೆ ಬರವಣಿಗೆ, ಒಬ್ಬರಿಗೆ ಕ್ಯಾಮೆರಾ, ಒಬ್ಬರಿಗೆ ಧ್ವನಿ, ಒಬ್ಬರಿಗೆ ಜೋಡಣೆ, ಒಬ್ಬರಿಗೆ ಮೇಲ್ವಿಚಾರಣೆ ಹಂಚಬೇಕು; ಮುಂದಿನ ತಿಂಗಳು ಕೆಲಸಗಳು ಅದಲುಬದಲಾಗಬೇಕು. ಯಾರಿಗೆ ಯಾವುದು ಒಗ್ಗುತ್ತದೆಂಬುದು ಹೀಗೆ ತಿಳಿಯುತ್ತದೆಯೇ ಹೊರತು ಕರಪತ್ರ ಓದಿ ಅಲ್ಲ. ವಿಷಯಕ್ಕೆ ಆ ಊರಿನಲ್ಲಿ ಬರವೇ? ಸಮೀಪದ ಹಾಲೇರಿಯಲ್ಲಿ ಆರಂಭವಾಗಿ 1834ರವರೆಗೆ ಕೊಡಗನ್ನಾಳಿದ ಲಿಂಗಾಯತ ಅರಸು ಮನೆತನದ ನೆನಪುಗಳು ಹಿರಿಯರ ಬಾಯಲ್ಲಿವೆ. ಕೊಯ್ಲಿನ ಕಾಲದಲ್ಲಿ ಹಣ್ಣು ಬಿಡಿಸುವುದರಿಂದ ಕಣದಲ್ಲಿ ಒಣಗಿಸುವವರೆಗಿನ ಕೆಲಸವಿದೆ. ಲೈನ್ ಮನೆಯ ಅಜ್ಜಿಯೊಬ್ಬರು ಎಲ್ಲಿಂದ ಬಂದರು, ಏಕೆ ಬಂದರು ಎಂದು ಕೇಳಿದರೆ ಅದೊಂದೇ ಹತ್ತು ನಿಮಿಷದ ಚಿತ್ರ. ಅವರ ಒಪ್ಪಿಗೆ ಪಡೆದೇ ಚಿತ್ರೀಕರಿಸಬೇಕು, ಮುಗಿಸಿದ್ದನ್ನು ಮೊದಲು ಅವರಿಗೇ ತೋರಿಸಬೇಕು. ಈ ಮರ್ಯಾದೆಯನ್ನು ದೊಡ್ಡ ವಾಹಿನಿಗಳೂ ಎಷ್ಟೋ ವೇಳೆ ಮರೆಯುತ್ತವೆ.

ಕೊನೆಯಲ್ಲಿ ಆ ತಾಯಿಯ ಪತ್ರದ ಕಡೆಯ ಸಾಲಿಗೆ ಉತ್ತರ. ಮಗನಿಗೆ ಒಳ್ಳೆಯ ಕ್ಯಾಮೆರಾ ಕೊಡಿಸಬೇಕೇ ಎಂದು ಕೇಳಿದ್ದಾರೆ. ಈಗ ಬೇಡ. ಇರುವ ಮೊಬೈಲೇ ಇನ್ನೆರಡು ವರ್ಷಕ್ಕೆ ಸಾಕು. ಅಷ್ಟೊಂದು ಆಸೆಯಿದ್ದರೆ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಮತ್ತು ಮೊಬೈಲ್ ನಿಲ್ಲಿಸುವ ಸ್ಟ್ಯಾಂಡ್ ಕೊಡಿಸಿ. ಎರಡೂ ಸೇರಿ ಶಾಲೆಯ ಒಂದು ಜೊತೆ ಬೂಟಿನಷ್ಟೂ ಆಗುವುದಿಲ್ಲ. ಜೂನ್ ತಿಂಗಳಲ್ಲಿ ತಗಡಿನ ಸೂರಿನ ಕೆಳಗೆ ತಂದೆಯನ್ನು ಕೂಡಿಸಿ, ಜಡಿಮಳೆಯ ಸದ್ದಿನ ನಡುವೆಯೂ ಅವರು ತೋಟದ ಲೆಕ್ಕ ಬರೆಯುವ ಬಗೆಯನ್ನು ಹೇಳುವಾಗ ಪ್ರತಿ ಮಾತೂ ಕೇಳುವಂತೆ ಧ್ವನಿಮುದ್ರಿಸಿ ತರಲಿ. ಆ ಕೆಲಸಕ್ಕೆ ತಂದೆ ಮಗ ಇಬ್ಬರೂ ಒಂದು ಗಂಟೆ ಎದುರುಬದುರು ಕುಳಿತು ಮಾತಾಡಬೇಕಾಗುತ್ತದೆ.